ಎರಡನೇ ಸಲ ಯಾರೂ ಕೇಳಲಿಲ್ಲ

ಭಾನುವಾರ, ಇನ್ನೂ ಬೆಳಕು ಹರಿದಿಲ್ಲ. ನ್ಯೂಜೆರ್ಸಿ ಟರ್ನ್‌ಪೈಕ್ ಹೆದ್ದಾರಿಯ ವಿಶ್ರಾಂತಿ ತಾಣವೊಂದಕ್ಕೆ ಹಳೆಯ ಫೋರ್ಡ್ ಕಾರೊಂದು ಬಂದು ನಿಲ್ಲುತ್ತದೆ. ನವೆಂಬರ್ ತಿಂಗಳ ಚಳಿ. ಟ್ರಕ್ಕಿನವರು ಕಣ್ಣುಜ್ಜಿಕೊಳ್ಳುತ್ತ ಕಾಫಿಗೆ ಸಾಲು ನಿಂತಿದ್ದಾರೆ. ಕಾರಿನಿಂದ ಇಳಿಯುವ ನಾಗಲಿಂಗಪ್ಪನವರ ಕುತ್ತಿಗೆ ಅರವತ್ತು ದಾಟಿದರೂ ಪೈಲ್ವಾನರದೇ. ಮಂಡಿಗಳು ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಕಂಕುಳಲ್ಲಿ ಒಂದು ಕಂದು ಲಕೋಟೆ, ಅದರೊಳಗೆ ಎರಡು ವಿಡಿಯೋ ಕ್ಯಾಸೆಟ್ಟು.

ಅತ್ತ ಕಡೆಯಿಂದ ಇನ್ನೊಂದು ಕಾರು ಬರುತ್ತದೆ. ಇಳಿದವನು ಕಾರ್ಮೈನ್, ಬರುವ ಶನಿವಾರ ಇವರ ತಂಡದ ಎದುರು ಆಡಲಿರುವ ಕಾಲೇಜಿನ ಕೋಚ್. ಅವನ ಕೈಯಲ್ಲೂ ಲಕೋಟೆ. ಇಬ್ಬರೂ ಅದಲುಬದಲು ಮಾಡಿಕೊಳ್ಳುತ್ತಾರೆ. ಇಲ್ಲಿನ ಸಣ್ಣ ಕಾಲೇಜುಗಳ ಫುಟ್‌ಬಾಲ್‌ನಲ್ಲಿ ಇದು ಪದ್ಧತಿ. ಆಡುವ ಮೊದಲು ನಮ್ಮ ಹಿಂದಿನ ಪಂದ್ಯಗಳ ವಿಡಿಯೋವನ್ನು ಎದುರಾಳಿಯ ಕೈಗೆ ನಾವೇ ಕೊಡಬೇಕು. ನಮ್ಮ ಗುಟ್ಟು, ನಮ್ಮ ಕುಂದು, ನಮ್ಮ ಹುಡುಗ ಎಲ್ಲಿ ಎಡವುತ್ತಾನೆ ಎಂಬುದು ಎಲ್ಲವೂ ಅದರಲ್ಲಿರುತ್ತದೆ. ಕೆಲವು ಕೋಚ್‌ಗಳು ತಮಗೆ ಬೇಡವಾದ ಭಾಗ ಕತ್ತರಿಸಿ ಕೊಡುವುದುಂಟು. ನಾಗಲಿಂಗಪ್ಪನವರು ಎಂದೂ ಕತ್ತರಿಸಿದವರಲ್ಲ. ಹೊತ್ತು ತರುವ ಕೆಲಸವನ್ನು ಕಿರಿಯ ಸಹಾಯಕರಿಗೆ ಬಿಟ್ಟವರೂ ಅಲ್ಲ.

"ನಮ್ಮ ಮಾನ ಆ ಕ್ಯಾಸೆಟ್ಟಿನಾಗ ಇರತೈತ್ರಿ. ಅದನ್ನ ಇನ್ನೊಬ್ಬರ ಕೈಲೆ ಕೊಟ್ಟ ಕಳಿಸೂದು ಹೆಂಗ?" ಎನ್ನುತ್ತಾರೆ ಅವರು.

ಇದು ಅವರ ಕೊನೆಯ ಅದಲುಬದಲು. ಶನಿವಾರದ ಪಂದ್ಯ ಮುಗಿದರೆ ಅವರ ಕಾಲೇಜಿನಲ್ಲಿ ಫುಟ್‌ಬಾಲ್ ತಂಡವೇ ಇರುವುದಿಲ್ಲ. ಕೊನೆಯ ವರ್ಷದ ಹುಡುಗರು ಪದವಿ ಪಡೆದು ಹೋಗುತ್ತಾರೆ, ಅವರದು ಹೇಗೋ ನಡೆಯುತ್ತದೆ. ಉಳಿದ ಹುಡುಗರಿಗೆ ಬೇರೆ ಕಾಲೇಜುಗಳಲ್ಲಿ ಜಾಗ ಹುಡುಕಬೇಕು. ಹತ್ತಾರು ಹುಡುಗರು, ನಾಲ್ಕು ವಾರ ಸಮಯ. ನಾಗಲಿಂಗಪ್ಪನವರಿಗೆ ಈಗ ಹಗಲೂ ರಾತ್ರಿಯೂ ಇದೊಂದೇ ಚಿಂತೆ.

"ಕಾರ್ಮೈನ್, ನನ್ನ ಹುಡುಗರಲ್ಲಿ ಎಷ್ಟು ಜನರನ್ನು ತಗೋತೀಯ?" ಎಂದು ಅವರು ನೇರವಾಗಿ ಕೇಳುತ್ತಾರೆ.

ಕಾರ್ಮೈನ್ ಕಾಫಿ ಲೋಟ ತಿರುಗಿಸುತ್ತ, "ಶನಿವಾರ ಮುಗಿಯಲಿ, ನಾಗ್. ನೋಡೋಣ" ಎನ್ನುತ್ತಾನೆ.

"ನೋಡೋಣ ಅನ್ನಬೇಡ. ಈಗ ಹೇಳು."

ಹೀಗೆ ಕೇಳುವುದನ್ನು ಅವರು ಕಲಿತದ್ದು ಎರಡು ವರ್ಷದ ಹಿಂದೆ, ತುಂಬ ದುಬಾರಿಯಾದ ಒಂದು ಪಾಠದಿಂದ.

ಇಲ್ಲಿ ಫುಟ್‌ಬಾಲ್ ಎಂದರೆ ನಮ್ಮ ಕಾಲ್ಚೆಂಡಲ್ಲ. ಉದ್ದನೆಯ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ, ಓಡುವವನನ್ನು ಮೈಮೇಲೆ ಬಿದ್ದು ಕೆಡವುವ ಆಟ. ಜನರಿಗೆ ಗೊತ್ತಿರುವುದು ಚೆಂಡು ಎಸೆಯುವವನ ಹೆಸರು, ಹಿಡಿದು ಓಡಿದವನ ಹೆಸರು. ಅವರ ಮುಂದೆ ಗೋಡೆಯಂತೆ ಬಗ್ಗಿ ನಿಂತು, ಎದುರಿನವರ ಗುದ್ದು ತಿನ್ನುವ ದಡಿಯರು ಐದು ಜನ ಇರುತ್ತಾರೆ. ಇಡೀ ಪಂದ್ಯದಲ್ಲಿ ಅವರು ಚೆಂಡು ಹಿಡಿದು ಓಡುವುದು ಇಲ್ಲವೇ ಇಲ್ಲ ಎನ್ನಬಹುದು. ನಾಗಲಿಂಗಪ್ಪನವರು ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮುಖ್ಯವಾಗಿ ತಯಾರು ಮಾಡಿದ್ದು ಈ ದಡಿಯರನ್ನು. ತಂಡಕ್ಕೆಲ್ಲ ಮುಖ್ಯ ಕೋಚ್ ಆದ ಮೇಲೂ ಬೆಳಗಿನ ಮೊದಲ ತಾಸು ಇವರಿಗೇ ಮೀಸಲು.

ಗದಗಿನ ಹತ್ತಿರದ ಹಳ್ಳಿಯವರು ಅವರು. ಗರಡಿಯಲ್ಲಿ ಮೈ ಬೆಳೆಸಿ, ವ್ಯಾಯಾಮ ಶಿಕ್ಷಣದ ಪದವಿ ಪಡೆದು, ಅರವತ್ತರ ದಶಕದಲ್ಲಿ ವಿದ್ಯಾರ್ಥಿವೇತನದ ಮೇಲೆ ಇಲ್ಲಿಗೆ ಬಂದರು. ಓದುವಾಗ ಕಾಲೇಜಿನ ಕುಸ್ತಿ ತಂಡಕ್ಕೆ ಕೈ ಹಚ್ಚಿದರು. ಈ ಮನುಷ್ಯ ಸೊಂಟ ಬಗ್ಗಿಸಿ ನಿಂತರೆ ಯಾರಿಂದಲೂ ಅಲುಗಾಡಿಸಲು ಆಗುವುದಿಲ್ಲ ಎಂಬುದನ್ನು ಫುಟ್‌ಬಾಲ್ ಕೋಚ್ ಒಬ್ಬ ನೋಡಿದ. "ನನ್ನ ಹುಡುಗರಿಗೆ ಹೀಗೆ ನಿಲ್ಲುವುದನ್ನು ಕಲಿಸುತ್ತೀಯಾ?" ಎಂದು ಕೇಳಿದ. ಅಲ್ಲಿಂದ ಶುರು. ಸಹಾಯಕನಾಗಿ ಹತ್ತು ವರ್ಷ, ಆಮೇಲೆ ಮುಖ್ಯ ಕೋಚ್. ಒಂದು ಸೀಸನ್ ಪೂರ್ತಿ ಒಂದೂ ಪಂದ್ಯ ಸೋಲದೆ ಮುಗಿಸಿದ್ದೂ ಇದೆ. ಆ ವರ್ಷ ಊರಿನ ಪತ್ರಿಕೆಯಲ್ಲಿ ತಂಡದ ಫೋಟೋ ಬಂದಿತ್ತು, ಅದರಲ್ಲಿ ಕೋಚ್ ಅರ್ಧ ಮಾತ್ರ ಕಾಣುತ್ತಾರೆ.

ತೊಂಬತ್ತರಲ್ಲಿ ಕಾಲೇಜು ಅವರನ್ನು ಕ್ರೀಡಾ ವಿಭಾಗದ ನಿರ್ದೇಶಕರನ್ನಾಗಿಯೂ ಮಾಡಿತು. ಕೇಳಲು ದೊಡ್ಡ ಹುದ್ದೆ. ಒಬ್ಬನ ಸಂಬಳದಲ್ಲಿ ಇಬ್ಬರ ದುಡಿಮೆ ಎಂಬುದು ಅದರ ಒಳಗಿನ ಮರ್ಮ. ಹುಡುಗಿಯರ ಬಾಸ್ಕೆಟ್‌ಬಾಲ್ ತಂಡಕ್ಕೆ ಬಸ್ಸು ಗೊತ್ತು ಮಾಡುವುದು, ಈಜುಕೊಳದ ಪಂಪು ಕೆಟ್ಟರೆ ಓಡುವುದು, ರೆಫರಿ ಕೈಕೊಟ್ಟರೆ ಇನ್ನೊಬ್ಬನನ್ನು ಹುಡುಕುವುದು, ಒಗೆಯುವ ಯಂತ್ರ ನಿಂತರೆ ಹುಡುಗರ ಅಂಗಿಗಳನ್ನು ಮನೆಗೆ ಒಯ್ದು ಒಗೆಯುವುದು, ಎಲ್ಲ ಇವರ ಪಾಲಿಗೇ. ಹೆಂಡತಿ ಚನ್ನಬಸಮ್ಮನವರು ಆಸ್ಪತ್ರೆಯ ಲ್ಯಾಬಿನ ಕೆಲಸ ಮುಗಿಸಿ ಬಂದರೆ ಮನೆಯ ಹಿತ್ತಿಲಲ್ಲಿ ದೊಡ್ಡ ದೊಡ್ಡ ಅಂಗಿಗಳು ಒಣಗುತ್ತಿರುತ್ತಿದ್ದವು.

"ಮಂದಿ ಕೇಳ್ತಿದ್ರು, ನಿಮ್ಮ ಮನ್ಯಾಗ ಎಷ್ಟ ಮಂದಿ ಗಂಡಸರ ಅದಾರ್ರಿ ಅಂತ" ಎಂದು ಆಕೆ ನಗುತ್ತಾರೆ. "ಮಕ್ಕಳಿಲ್ಲದ ಮನಿ. ಅಂಗಿಗೇನ ಕಡಿಮಿ ಇರಲಿಲ್ಲ."

ಕನ್ನಡದವರ ನಡುವೆ ನಾಗಲಿಂಗಪ್ಪನವರಿಗೆ ಇದ್ದ ಬೆಲೆ ಎಷ್ಟು ಎಂದು ಕೇಳಬಾರದು. ನ್ಯೂಜೆರ್ಸಿಯದೇ ಎಡಿಸನ್ ಊರಿನ ಕನ್ನಡ ಸಂಘದ ಕೂಟದಲ್ಲಿ ಹೊಸಬರು ಬಂದು ಕೈಕುಲುಕಿ, "ಅಂಕಲ್, ಯಾವ ಕಂಪನಿ?" ಎನ್ನುತ್ತಾರೆ. ಕೋಚ್ ಎಂದರೆ, "ಓ, ನೈಸ್. ಡೇ ಜಾಬ್ ಏನು ಅಂಕಲ್?" ಎನ್ನುತ್ತಾರೆ. ಇದೇ ಡೇ ಜಾಬ್ ಎಂದರೆ ಮಾತು ಹವಾಮಾನದ ಕಡೆ ಹೊರಳುತ್ತದೆ. ಡಾಕ್ಟರಿಗೆ ಶಾಲು, ಎಂಜಿನಿಯರಿಗೆ ಶಾಲು, ಕಂಪ್ಯೂಟರುಗಳ ವೈ-ಟು-ಕೆ ದೋಷ ತಿದ್ದಿ ಮುಗಿಸಿದವನಿಗೆ ಎರಡು ಶಾಲು. ನಾಗಲಿಂಗಪ್ಪನವರಿಗೆ ಮಾತ್ರ ಪ್ರತಿ ಬೇಸಿಗೆಯ ಪಿಕ್ನಿಕ್‌ನಲ್ಲಿ ಮಕ್ಕಳ ನಿಂಬೆಹಣ್ಣು-ಚಮಚದ ಓಟದ ಉಸ್ತುವಾರಿ. ಅವರು ಅದನ್ನೂ ಶ್ರದ್ಧೆಯಿಂದಲೇ ಮಾಡುತ್ತಾರೆ, ಸುಣ್ಣ ತಂದು ಗೆರೆ ಹಾಕುತ್ತಾರೆ. ಕನ್ನಡ ಪತ್ರಿಕೆಗಳಾದ ನಾವೂ ಏನು ಸಾಚಾ ಅಲ್ಲ. ಅಮೆರಿಕದಲ್ಲಿ ಕಂಪನಿ ತೆರೆದವರ ಬಗ್ಗೆ ಪುಟಗಟ್ಟಲೆ ಬರೆದೆವು, ಕಂಪನಿ ಮುಚ್ಚಿದಾಗಲೂ ಬರೆದೆವು. ಇವರ ಮನೆಯ ಬಾಗಿಲು ತಟ್ಟಲು ಒಂದು ತಂಡ ಸಾಯಬೇಕಾಯಿತು.

ತಂಡ ಸತ್ತದ್ದು ಹೇಗೆ ಎಂಬುದನ್ನು ಹೇಳಬೇಕೆಂದರೆ ತೊಂಬತ್ತೆಂಟರ ಒಂದು ಊಟದಿಂದ ಆರಂಭಿಸಬೇಕು.

ಮಹೇಶ್ ಎಂಬವರು ಆಗ ಎಡಿಸನ್‌ನ ಕನ್ನಡಿಗರ ಕಣ್ಮಣಿ. ರಾಣೆಬೆನ್ನೂರಿನ ಕಡೆಯವರು. ಸಾಫ್ಟ್‌ವೇರ್ ಕಂಪನಿ ಕಟ್ಟಿ, ಅದರ ಷೇರು ಮಾರುಕಟ್ಟೆಗೆ ಬಂದು, ರಾತ್ರೋರಾತ್ರಿ ದೊಡ್ಡ ಕುಳ ಆಗಿದ್ದರು. ನಲವತ್ತರ ಆಸುಪಾಸು, ಮನಸ್ಸಿನಲ್ಲಿ ಕೆಡುಕಿಲ್ಲದ ಮನುಷ್ಯ. ಕೂಟದಲ್ಲಿ ಪರಿಚಯವಾದಾಗ ನಾಗಲಿಂಗಪ್ಪನವರೇ, "ಒಂದ ಶನಿವಾರ ನಮ್ಮ ಆಟ ನೋಡಾಕ ಬರ್ರಿ" ಎಂದು ಕರೆದರು. ಕರೆದದ್ದರ ಹಿಂದೆ ಒಂದು ಆಸೆಯಿತ್ತು, ಅವರು ಅದನ್ನು ಮುಚ್ಚಿಡುವುದಿಲ್ಲ. ಕಾಲೇಜಿನ ಮೈದಾನಕ್ಕೆ ದೀಪ ಇರಲಿಲ್ಲ. ಹುಡುಗರಲ್ಲಿ ಬಹಳಷ್ಟು ಜನ ಟ್ರಕ್ ಡ್ರೈವರುಗಳ, ಅಗ್ನಿಶಾಮಕದವರ, ಆಸ್ಪತ್ರೆ ಆಯಾಗಳ ಮಕ್ಕಳು. ಪಾಠ ಮುಗಿಸಿ, ಕೆಲಸ ಮುಗಿಸಿ ಮೈದಾನಕ್ಕೆ ಬರುವಷ್ಟರಲ್ಲಿ ಅಕ್ಟೋಬರ್ ಸೂರ್ಯ ಮುಳುಗಿರುತ್ತಿದ್ದ. ಕೊನೆಕೊನೆಗೆ ಕಾರುಗಳನ್ನು ಸುತ್ತ ನಿಲ್ಲಿಸಿ ಹೆಡ್‌ಲೈಟಿನಲ್ಲಿ ಅಭ್ಯಾಸ ಮಾಡಿಸುತ್ತಿದ್ದರು. ನಾಲ್ಕು ಕಂಬ, ನಾಲ್ಕು ಗೊಂಚಲು ದೀಪ, ಅವರು ಬಯಸಿದ್ದು ಇಷ್ಟೇ.

ಮಹೇಶ್ ಬಂದರು, ಆಟ ನೋಡಿದರು, ಹುಡುಗರ ಜೊತೆ ಫೋಟೋ ತೆಗೆಸಿಕೊಂಡರು. ಅಲ್ಲಿಂದ ಹಿಲ್ಸ್‌ಬರೋದಲ್ಲಿರುವ ನಾಗಲಿಂಗಪ್ಪನವರ ಮನೆಗೆ ಊಟಕ್ಕೆ. ಚನ್ನಬಸಮ್ಮ ಬೆಳಗಿನಿಂದ ನಿಂತು ಜೋಳದ ರೊಟ್ಟಿ ಬಡಿದಿದ್ದರು, ಎಣ್ಣೆಗಾಯಿ ಮಾಡಿದ್ದರು, ಶೇಂಗಾ ಚಟ್ನಿ ಕುಟ್ಟಿದ್ದರು. ಊಟದ ನಡುವೆ ಮಹೇಶ್ ಕೈ ನಿಲ್ಲಿಸಿ ಕೇಳಿದರು:

"ಅಂಕಲ್, ನಿಮ್ಮ ಕಾಲೇಜಿಗೆ ಏನರ ಮಾಡಬೇಕಂತ ಮನಸ್ಸಾಗೇತಿ. ಏನ ಬೇಕು ಹೇಳ್ರಿ."

ಇಲ್ಲಿ ಓದುಗರು ಒಂದು ಕ್ಷಣ ತಮ್ಮನ್ನೇ ಆ ಜಾಗದಲ್ಲಿ ಕೂರಿಸಿ ನೋಡಬೇಕು. ಮನೆಗೆ ಬಂದು ಎಲೆಯ ಮುಂದೆ ಕೂತ ಅತಿಥಿ. ಅವನ ಎದುರು ಬಾಯಿ ಬಿಟ್ಟು ಇಂಥದ್ದು ಕೊಡು ಎನ್ನುವುದೇ? ಊಟ ಹಾಕಿ ಬಿಲ್ಲು ಕೊಟ್ಟ ಹಾಗಾಗುವುದಿಲ್ಲವೇ? ನಾಗಲಿಂಗಪ್ಪನವರು ನಮ್ಮಲ್ಲಿ ಯಾರಾದರೂ ಹೇಳುವ ಮಾತನ್ನೇ ಹೇಳಿದರು.

"ಏ, ಏನೂ ಬ್ಯಾಡ್ರಿ. ನೀವು ಬಂದ್ರಿ, ಉಂಡ್ರಿ, ಅಷ್ಟ ಸಾಕು."

ಹೇಳಿ ಕಾದರು. ಇನ್ನೊಮ್ಮೆ ಕೇಳಲಿ ಎಂದು. ಹಾಗಲ್ಲ ಅಂಕಲ್, ಸಂಕೋಚ ಬೇಡ ಎಂದು ಒಂದು ಮಾತು ಬರಲಿ ಎಂದು. ಎರಡನೇ ಸಲಕ್ಕೆ ನಕ್ಕು ಸುಮ್ಮನಿರುವುದು, ಮೂರನೇ ಸಲಕ್ಕೆ "ನೀವು ಇಷ್ಟ ಅಂತೀರಂದ್ರ, ಮೈದಾನಕ್ಕ ಒಂದೀಟ ಬೆಳಕ..." ಎಂದು ಶುರು ಮಾಡುವುದು. ಗದಗಿನಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ ಮಾತು ನಡೆಯುವುದೇ ಹೀಗೆ.

ಮಹೇಶ್, "ಓಕೆ ಅಂಕಲ್" ಎಂದು ರೊಟ್ಟಿ ಮುರಿದರು.

ಚನ್ನಬಸಮ್ಮನವರಿಗೆ ಇವತ್ತಿಗೂ ಆರದ ಸಿಟ್ಟು ಅದರ ಮುಂದಿನದು. "ನಾ ಇನ್ನೊಂದ ರೊಟ್ಟಿ ಹಾಕಾಕ ಹೋದ್ರ, ಸಾಕ್ರಿ ಆಂಟಿ ಅಂದ. ಮತ್ತ ಕೇಳಿದೆ, ಒಲ್ಲೆ ಅಂದ. ಮೂರನೇ ಸಲಕ್ಕ ತಾಟ ಮುಂದ ಮಾಡಿದ. ರೊಟ್ಟೀದು ಗೊತ್ತೈತಿ ಅಂವಗ! ಮೂರ ಸಲ ಕೇಳಿಸಿಕೊಳ್ಳಾಕ ಬರತೈತಿ, ಮೂರ ಸಲ ಕೇಳಾಕ ಬರೂದಿಲ್ಲ."

ಕೆಲವು ವಾರ ಕಳೆದು ಸಂಘದ ರಾಜ್ಯೋತ್ಸವ. ವೇದಿಕೆಯ ಮೇಲೆ ಮಹೇಶ್ ಮೈಕು ಹಿಡಿದು, ನಮ್ಮ ನಾಗಲಿಂಗಪ್ಪ ಅಂಕಲ್ ಕಾಲೇಜಿಗೆ ಒಂದು ಕಂಪ್ಯೂಟರ್ ಕೇಂದ್ರ ಕಟ್ಟಿಸಿಕೊಡುತ್ತಿದ್ದೇನೆ ಎಂದು ಘೋಷಿಸಿದರು. ಚಪ್ಪಾಳೆಯೋ ಚಪ್ಪಾಳೆ. ನಾಗಲಿಂಗಪ್ಪನವರೂ ತಟ್ಟಿದರು. ದೀಪ ಹೋದರೆ ಹೋಯಿತು, ಕಾಲೇಜಿಗೆ ಒಳ್ಳೆಯದಾಯಿತಲ್ಲ ಎಂದು ನಿಜಕ್ಕೂ ಸಂತೋಷಪಟ್ಟರು. ಅದನ್ನು ಎಲ್ಲಿ ಕಟ್ಟುತ್ತಾರೆ ಎಂದು ಅವರು ಕೇಳಲಿಲ್ಲ, ಯಾರೂ ಹೇಳಲೂ ಇಲ್ಲ.

ಹೇಳಿದವರು ಕಾಲೇಜಿನ ಅಧ್ಯಕ್ಷೆ ಮಾರ್ಗರೆಟ್, ಹೊಸ ವರ್ಷ ಕಳೆದ ಮೇಲೆ. ಆಕೆ ಸುತ್ತಿ ಬಳಸಿ ಮಾತಾಡುವವರಲ್ಲ. ಕೇಂದ್ರ ಕಟ್ಟಲು ಕಾಲೇಜಿನ ಬಳಿ ಇರುವ ಸಮತಟ್ಟಾದ ಜಾಗ ಒಂದೇ, ಅದು ಫುಟ್‌ಬಾಲ್ ಮೈದಾನ. ಫುಟ್‌ಬಾಲ್‌ಗೆ ಖರ್ಚೂ ಹೆಚ್ಚು. ಇನ್ನೆರಡು ಸೀಸನ್ ಆಡಿ ಮುಗಿಸೋಣ. ಇದನ್ನು ಹುಡುಗರಿಗೆ ಕ್ರೀಡಾ ನಿರ್ದೇಶಕರಾಗಿ ನೀವೇ ಹೇಳಬೇಕು.

"ಮಹೇಶ್ ಮೊದಲು ನಿಮ್ಮನ್ನೇ ಕೇಳಿದರಂತಲ್ಲ, ನಾಗ್" ಎಂದರು ಮಾರ್ಗರೆಟ್. "ನೀವು ಏನೂ ಬೇಡ ಅಂದಿರಂತೆ. ಆಮೇಲೆ ಅವರು ನನಗೆ ಫೋನ್ ಮಾಡಿದರು. ನನಗೆ ಏನು ಬೇಕು ಅಂತ ನನಗೆ ಗೊತ್ತಿತ್ತು."

ನಾಗಲಿಂಗಪ್ಪನವರು ವಿವರಿಸಲು ನೋಡಿದರು. ನಮ್ಮ ಕಡೆ ಮೊದಲ ಸಲ ಬೇಡ ಅನ್ನುತ್ತೇವೆ, ಅದು ಮರ್ಯಾದೆ, ಕೇಳಿದವರು ಮತ್ತೆ ಕೇಳಬೇಕು ಎಂದೆಲ್ಲ ಹೇಳಿದರು. ಮೂವತ್ತು ವರ್ಷ ಇಂಗ್ಲಿಷಿನಲ್ಲಿ ಹುಡುಗರನ್ನು ಬೈದ ನಾಲಿಗೆ ಅವತ್ತು ತೊದಲಿತು. ಆಕೆ ಕೊನೆಯವರೆಗೂ ಕೇಳಿಸಿಕೊಂಡರು.

"ನೀವು ಬೇಡ ಅಂದದ್ದನ್ನು ನಾವು ಬೇಕು ಅಂತ ತಿಳಿಯಬೇಕಿತ್ತೇ?" ಎಂದಷ್ಟೇ ಕೇಳಿದರು. ಅದರಲ್ಲಿ ಕುಹಕ ಇರಲಿಲ್ಲ.

ಮಾರನೇ ದಿನ ಅವರು ಎಡಿಸನ್‌ನಲ್ಲಿದ್ದ ಮಹೇಶರ ಆಫೀಸಿಗೆ ಹೋದರು. ಮಹೇಶ್ ಬೆಚ್ಚಿಬಿದ್ದರು. "ಅಂಕಲ್, ನಾ ಕೇಳಿದ್ನಲ್ಲ ನಿಮಗ! ಅವಾಗ ಹೇಳಬೇಕಿತ್ತು ನೀವು. ಈಗ ಬೋರ್ಡ್ ಅಪ್ರೂವ್ ಮಾಡೇತಿ, ಅನೌನ್ಸ್ ಆಗೇತಿ. ಐ ಕಾಂಟ್ ಗೋ ಬ್ಯಾಕ್." ಆಮೇಲೆ ಸಮಾಧಾನ ಹೇಳುವವರಂತೆ, "ಅಲ್ರಿ, ನಮ್ಮ ಹುಡುಗರ ಯಾರ ಆಡ್ತಾರ ಆ ಆಟ?" ಎಂದರು.

"ನಮ್ಮ ಹುಡುಗರು ಅಂದ್ರ ಯಾರ್ರಿ?" ಎಂದು ಕೇಳಿ ನಾಗಲಿಂಗಪ್ಪ ಎದ್ದುಬಂದರು.

ಆ ಪ್ರಶ್ನೆಯ ಉತ್ತರ ಅವರ ಬಾಯಲ್ಲಿ ಈಗಲೂ ಸಿದ್ಧ. "ನನ್ನ ಅಂಗಳದಾಗ ಯಾರ ಅಂಗಿ ಒಣಗತಾವೋ ಅವರೆಲ್ಲ ನಮ್ಮ ಹುಡುಗರ" ಎನ್ನುತ್ತಾರೆ.

ಅಲ್ಲಿಂದ ಎರಡು ಸೀಸನ್ ಸಾಯುವ ತಂಡವನ್ನು ಆಡಿಸಿದರು. ಹೊಸ ಹುಡುಗರನ್ನು ಸೇರಿಸಿಕೊಳ್ಳುವಂತಿಲ್ಲ. ಗಾಯವಾದರೆ ಬದಲಿಗೆ ಆಳಿಲ್ಲ. ಆದರೂ ಬೆಳಗಿನ ಅಭ್ಯಾಸ ಒಂದು ದಿನವೂ ತಪ್ಪಲಿಲ್ಲ. ಹುಡುಗರನ್ನು ಸೊಂಟ ಬಗ್ಗಿಸಿ ನಿಲ್ಲಿಸಿ, ಬೆನ್ನ ಮೇಲೆ ಕೈಯಿಟ್ಟು, "ಇನ್ನೂ ಕೆಳಗೆ" ಎನ್ನುವ ದನಿ ಕ್ಯಾಂಪಸ್ಸಿನ ಆಚೆಯವರೆಗೂ ಕೇಳುತ್ತಿತ್ತು.

ಇನ್ನೊಂದು ಆಸೆ ಹುಟ್ಟಿದ್ದು ಎರಡು ಸಾವಿರದ ಇಸವಿಯ ವಸಂತದಲ್ಲಿ. ಷೇರು ಮಾರುಕಟ್ಟೆ ಮುಗ್ಗರಿಸಿತು, ಡಾಟ್‌ಕಾಮ್ ಕಂಪನಿಗಳು ಒಂದೊಂದೇ ಬಾಗಿಲು ಹಾಕತೊಡಗಿದವು. ಎಡಿಸನ್‌ನ ಕೂಟದಲ್ಲಿ ಎಲ್ಲರ ಮುಖವೂ ಇಳಿದಿತ್ತು. ಬೇಸಿಗೆಯ ಹೊತ್ತಿಗೆ ಮಹೇಶರ ಕಂಪನಿ ಅರ್ಧ ಜನರನ್ನು ಮನೆಗೆ ಕಳಿಸಿತು, ಕಂಪ್ಯೂಟರ್ ಕೇಂದ್ರದ ಮಾತು ಅಲ್ಲಿಗೇ ನಿಂತಿತು. ಇನ್ನೊಬ್ಬರ ನಷ್ಟದಲ್ಲಿ ತನಗೆ ಖುಷಿಯಾಗುತ್ತಿದೆ ಎಂದು ಹೇಳಿಕೊಳ್ಳಲು ನಾಗಲಿಂಗಪ್ಪನವರಿಗೆ ನಾಚಿಕೆ. ಆದರೂ ಹೇಳಿದರು: "ಆತನ ಮನಿ ಮುಳಗಲಿ ಅಂತ ಬೇಡಿಕೊಂಡಿಲ್ರಿ. ಮುಳಗಿದ ಮ್ಯಾಲೆ ಒಂದ ದಿನ ಖುಷಿ ಆಯ್ತು. ದೇವರಿಗೆ ಗೊತ್ತಿದ್ದ ಮಾತು, ನಿಮಗ್ಯಾಕ ಮುಚ್ಚಿಡಲಿ."

ಮತ್ತೆ ಮಾರ್ಗರೆಟ್ ಬಳಿ ಹೋದರು. ಕಟ್ಟಡ ಬರುವುದಿಲ್ಲವಲ್ಲ, ಮೈದಾನ ಬಿಡಿ ಎಂದು ಈ ಸಲ ಬಾಯಿಬಿಟ್ಟು ಕೇಳಿದರು. ಒಂದು ಸಲ ಅಲ್ಲ, ಮೂರು ಸಲ ಕೇಳಿದರು. ಆಕೆ ಮೂರು ಸಲವೂ ಒಂದೇ ಉತ್ತರ ಕೊಟ್ಟರು. ಫುಟ್‌ಬಾಲ್ ನಿಲ್ಲಿಸಿದರೆ ಉಳಿಯುವ ಹಣ ಆಗಲೇ ಬೇರೆ ವಿಭಾಗಕ್ಕೆ ಹೋಗಿದೆ. ಮೈದಾನಕ್ಕೆ ಡಾಂಬರು ಹಾಕುತ್ತಾರೆ, ವಿದ್ಯಾರ್ಥಿಗಳು ಕಾರು ನಿಲ್ಲಿಸಲು ಜಾಗ ಸಾಲುತ್ತಿಲ್ಲ. ಕಾರು ನಿಲ್ಲಿಸುವ ಜಾಗಕ್ಕೆ ದೀಪದ ಕಂಬ ಹಾಕುತ್ತಾರೆಯೇ ಎಂದು ನಾಗಲಿಂಗಪ್ಪ ಕೇಳಿದರಂತೆ. ಹಾಕಲೇಬೇಕಲ್ಲ, ಹುಡುಗಿಯರ ಸುರಕ್ಷತೆಗೆ, ಎಂದರಂತೆ ಮಾರ್ಗರೆಟ್.

ಇದನ್ನು ಹೇಳಿ ಅವರು ಬಹಳ ಹೊತ್ತು ನಗುತ್ತಾರೆ. ಕೇಳುವವರಿಗೆ ನಗು ಬರುವುದಿಲ್ಲ.

ಕೊನೆಯ ಶನಿವಾರದ ಪಂದ್ಯವನ್ನು ಕಾರ್ಮೈನ್ ತಂಡ ಗೆದ್ದಿತು. ಚೆನ್ನಾಗಿಯೇ ಗೆದ್ದಿತು. ಕೋಚ್ ಕೊನೆಯ ಭಾಷಣ ಮಾಡುತ್ತಾರೆ ಎಂದು ಹುಡುಗರು ಹೆಲ್ಮೆಟ್ಟು ತೆಗೆದು ಸುತ್ತ ಮಂಡಿಯೂರಿ ಕೂತರು. ಅವರು, "ಅಂಗಿ ಕೊಡಬೇಡಿ, ಮನೆಗೆ ಒಯ್ಯಿರಿ" ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದರು. ಕಾಲೇಜಿನ ಆಸ್ತಿಯನ್ನು ಹಾಗೆ ದಾನ ಮಾಡಲು ನಿರ್ದೇಶಕರಿಗೆ ಅಧಿಕಾರವಿಲ್ಲ ಎಂದು ಆಮೇಲೆ ಕಚೇರಿಯಿಂದ ಆಕ್ಷೇಪಣೆ ಬಂತು. ಅವರು ಉತ್ತರ ಬರೆಯಲಿಲ್ಲ.

ಆ ಮುಂದಿನ ವಾರಗಳಲ್ಲಿ ಅವರ ಕೆಲಸ ಫೋನು. ಪೆನ್ಸಿಲ್ವೇನಿಯಾ, ಕನೆಕ್ಟಿಕಟ್, ನ್ಯೂಯಾರ್ಕಿನ ಮೇಲ್ಭಾಗ, ಎಲ್ಲೆಲ್ಲಿ ಸಣ್ಣ ಕಾಲೇಜುಗಳಿವೆಯೋ ಅಲ್ಲಿಗೆಲ್ಲ. ಇಪ್ಪತ್ತು ವರ್ಷ ತಾವು ಸೋಲಿಸಿದವರನ್ನು, ತಮ್ಮನ್ನು ಸೋಲಿಸಿದವರನ್ನು, ಎಲ್ಲರನ್ನೂ ಗೋಗರೆದರು. ಇವನು ನಿಧಾನ, ಆದರೆ ನಿಂತ ಜಾಗ ಬಿಡುವುದಿಲ್ಲ. ಅವನಿಗೆ ಸಿಟ್ಟು ಜಾಸ್ತಿ, ಆದರೆ ಸುಳ್ಳು ಹೇಳುವುದಿಲ್ಲ. ಒಬ್ಬೊಬ್ಬನನ್ನೂ ಹೀಗೆ ಬಣ್ಣಿಸಿ ಬಣ್ಣಿಸಿ ಹೆಣ್ಣಿನ ತಂದೆಯಂತೆ ಮನೆ ಮನೆ ಅಲೆದರು. "ನಿನಗೇನು ಬೇಕು ನಾಗ್, ನಮ್ಮಲ್ಲಿ ಸಹಾಯಕ ಕೋಚ್ ಆಗಿ ಬರುತ್ತೀಯಾ?" ಎಂದು ಯಾರಾದರೂ ಕೇಳಬಹುದು ಎಂದು ಚನ್ನಬಸಮ್ಮ ಪಕ್ಕದ ಕೋಣೆಯಲ್ಲಿ ಕಿವಿಗೊಟ್ಟು ಕೂತಿರುತ್ತಿದ್ದರು. ಅರವತ್ತು ದಾಟಿದ ಕೋಚ್‌ನನ್ನು ಯಾರು ಕೇಳುತ್ತಾರೆ? ಯಾರೂ ಕೇಳಲಿಲ್ಲ. ನಿರ್ದೇಶಕರ ಕುರ್ಚಿ ಇನ್ನೊಂದು ವರ್ಷ ಇದೆ, ಈಜುಕೊಳದ ಪಂಪನ್ನೂ ಬಸ್ಸುಗಳನ್ನೂ ನೋಡಿಕೊಳ್ಳುತ್ತ ಇರಬಹುದು.

ಡಿಸೆಂಬರ್ ಮಧ್ಯದ ಹೊತ್ತಿಗೆ ಇಬ್ಬರನ್ನು ಬಿಟ್ಟು ಎಲ್ಲರಿಗೂ ಜಾಗವಾಯಿತು. ಉಳಿದ ಇಬ್ಬರು ಡೆಶಾನ್ ಮತ್ತು ವಿನಿ. ಒಬ್ಬ ನ್ಯೂವಾರ್ಕಿನವನು, ಇನ್ನೊಬ್ಬ ಬೇಯಾನ್‌ನವನು. ಮೂರು ಸೀಸನ್ ಹೆಗಲಿಗೆ ಹೆಗಲು ತಾಗಿಸಿ ನಿಂತ ದಡಿಯರು, ಒಂದೇ ಕೋಣೆಯಲ್ಲಿ ವಾಸ, ಒಂದೇ ತಟ್ಟೆಯಲ್ಲಿ ಊಟ. ಕಾರ್ಮೈನ್ ಕೊನೆಗೂ ಬಾಯಿ ಬಿಟ್ಟಿದ್ದ, ಒಬ್ಬನಿಗೆ ಜಾಗವಿದೆ ಎಂದು. ಪೆನ್ಸಿಲ್ವೇನಿಯಾದ ಕಾಲೇಜೊಂದೂ ಒಬ್ಬನನ್ನು ತೆಗೆದುಕೊಳ್ಳುತ್ತೇನೆ ಎಂದಿತು. ಹುಡುಗರು ಒಪ್ಪಲಿಲ್ಲ. ಹೋದರೆ ಇಬ್ಬರೂ ಕೂಡಿ, ಇಲ್ಲದಿದ್ದರೆ ಇಬ್ಬರೂ ಓದು ಬಿಟ್ಟು ಬಂದರಿನಲ್ಲಿ ಮೂಟೆ ಹೊರುತ್ತೇವೆ ಎಂದು ಹಟ ಹಿಡಿದರು. ಹಟ ಮಾಡುವ ವಯಸ್ಸು. ಆದರೆ ಓದು ಬಿಟ್ಟರೆ ಮತ್ತೆ ಬರುವವರಲ್ಲ ಎಂದು ಕೋಚ್‌ಗೆ ಗೊತ್ತು, ಅಂಥವರನ್ನು ಎಷ್ಟೋ ನೋಡಿದ್ದಾರೆ.

ಹಿಲ್ಸ್‌ಬರೋದ ಮನೆಯ ಅಡುಗೆ ಮನೆಯ ಮೇಜಿನ ಮುಂದೆ ಕೂತು, ಅವರು ಏನು ಮಾಡಿದರು ಎಂಬುದನ್ನು ತಗ್ಗಿದ ದನಿಯಲ್ಲಿ ಹೇಳುತ್ತಾರೆ.

"ಇದನ್ನ ಬರೀರಿ, ಪರವಾಗಿಲ್ಲ. ಕನ್ನಡದಾಗ ಅವರಿಬ್ಬರೂ ಓದೂದಿಲ್ಲ. ಡೆಶಾನ್‌ನ ಒಬ್ಬನ್ನ ಕರದು, ವಿನಿ ಹೋಗಾಕ ಒಪ್ಯಾನ, ನಿನಗ ಹೇಳಾಕ ಅಂಜ್ಯಾನ ಅಂದೆ. ವಿನಿನ್ನ ಕರದು, ಡೆಶಾನ್ ಒಪ್ಯಾನ, ನಿನಗ ಹೇಳಾಕ ಅಂಜ್ಯಾನ ಅಂದೆ. ಇಬ್ಬರೂ ಅವತ್ತ ಸಂಜೀಕ ಬ್ಯಾರೆ ಬ್ಯಾರೆ ಕಾಲೇಜಿನ ಕಾಗದಕ್ಕ ಸಹಿ ಮಾಡಿದ್ರು."

ಚನ್ನಬಸಮ್ಮ ಒಲೆಯ ಕಡೆಯಿಂದ ತಿರುಗಿ ನೋಡುವುದಿಲ್ಲ. "ಹುಡುಗರು ಮಾತ ಬಿಟ್ಟಾರ್ರಿ" ಎನ್ನುತ್ತಾರೆ. "ಕೋಣಿ ಖಾಲಿ ಮಾಡೂ ಮುಂದ ಒಬ್ಬರ ಮುಖ ಒಬ್ಬರು ನೋಡಲಿಲ್ಲಂತ."

ಮುಂದಿನ ಸೆಪ್ಟೆಂಬರಿನಲ್ಲಿ ಕಾರ್ಮೈನ್ ಕಾಲೇಜಿಗೂ ಆ ಪೆನ್ಸಿಲ್ವೇನಿಯಾದ ಕಾಲೇಜಿಗೂ ಪಂದ್ಯವಿದ್ದು, ಕಾರ್ಮೈನ್ ತನ್ನ ಪಾಲಿಗೆ ಬಂದ ಡೆಶಾನ್‌ನನ್ನು ಎದುರಾಳಿಯ ಗೋಡೆ ಒಡೆಯುವ ಜಾಗಕ್ಕೆ ಹಾಕಿಕೊಳ್ಳುತ್ತೇನೆ ಎಂದಿದ್ದಾನೆ. ಆ ಗೋಡೆಯಲ್ಲಿ ವಿನಿ ಇರುತ್ತಾನೆ. ಇಬ್ಬರೂ ಎದುರಾಬದುರಾ ನಿಲ್ಲುತ್ತಾರೆ.

ನಿಜ ಹೇಳಿಬಿಡಬಹುದಲ್ಲ ಎಂದರೆ ನಾಗಲಿಂಗಪ್ಪ ತಲೆಯಾಡಿಸುತ್ತಾರೆ. ಈಗ ಹೇಳಿದರೆ ಇಬ್ಬರೂ ಬಿಟ್ಟು ಬರುತ್ತಾರೆ. ಒಂದು ವರ್ಷ ಅಲ್ಲಿ ಬೇರು ಬಿಡಲಿ, ಓದಿನ ದಾರಿಗೆ ಬೀಳಲಿ. ಅಲ್ಲಿಯವರೆಗೆ ಒಬ್ಬ ಇನ್ನೊಬ್ಬನನ್ನು ದ್ರೋಹಿ ಎಂದುಕೊಂಡೇ ಇರಬೇಕು. ಮೂವತ್ತು ವರ್ಷದ ಕೋಚ್ ಕೆಲಸದಲ್ಲಿ ಅವರು ಕೊನೆಯದಾಗಿ ಕಲಿಸಿದ್ದು ಇದೇ ಎಂಬುದು ಅವರಿಗೂ ತಿಳಿದಿದೆ.

ಮುಂದೆ ನಿಮಗೇನು ಆಸೆ ಎಂದು ಕೇಳಿದರೆ ಅವರು ಚಹಾದ ಲೋಟ ಬದಿಗೆ ಸರಿಸುತ್ತಾರೆ.

"ಸೆಪ್ಟೆಂಬರದಾಗ ಟಿಕೆಟ್ ತಗೊಂಡ ಹೋಗಿ ಕುಂದರ್ತೀನ್ರಿ. ಸಿಟ್ಟಿನಾಗ ಇಬ್ಬರೂ ಛಲೋ ಆಡ್ತಾರ, ನನಗ ಗೊತ್ತೈತಿ. ಆಟ ಮುಗದ ಮ್ಯಾಲೆ ಕೆಳಗ ಇಳದ ಹೋಗಿ, ಇಬ್ಬರ ಮುಂದ ನಿಂತ ಖರೇ ಹೇಳ್ತೀನಿ. ಬೈತಾರ. ಬೈಲಿ. ಇಬ್ಬರೂ ಕೂಡಿ ಬೈದ್ರ ಸಾಕು."